ಡೀಸೆಲ್ ಏರಿದ್ದಕ್ಕೇ ಜೋಳ ತುಟ್ಟಿ ಆಯ್ತಾ?

ಪ್ರಶ್ನೆ: ನಮ್ಮ ತಂದೆಯವರು ನೂರರ ಒಂದು ನೋಟು ಒಯ್ದು ತಿಂಗಳ ಕಿರಾಣಿ ತರುತ್ತಿದ್ದರು. ಈಗ ಅದೇ ಚೀಟಿಗೆ ಐದಾರು ಸಾವಿರ ಬೇಕು. ಪೆಟ್ರೋಲ್, ಡೀಸೆಲ್ ಏರಿದ್ದಕ್ಕೇ ಎಲ್ಲಾ ತುಟ್ಟಿ ಆಗಿದ್ದು ಅಲ್ವಾ ಸರ್? ಹಾಗಿದ್ದರೆ ಡೀಸೆಲ್ ಇಳಿದಾಗ ಸಾಮಾನಿನ ದರ ಯಾಕೆ ಇಳಿಯುವುದಿಲ್ಲ?

ಉತ್ತರ: ಇಂಡಿ, ಜಮಖಂಡಿ, ಗೋಕಾಕ. ಪ್ರಶ್ನೆ ಬರುವ ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಎಷ್ಟೋ ಸಲ ಉತ್ತರ ಬರೆದಿದ್ದೇನೆ. ಈ ಸಲ ಲೆಕ್ಕ ಪೂರ್ತಿ ಬಿಡಿಸಿ ಇಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಓದಲು ಕೊಡಿ.

ಮೊದಲು ಆ ನೂರು ರೂಪಾಯಿ ವಿಚಾರ. ಅದನ್ನು ಬೇಗ ಮುಗಿಸೋಣ.

ಕೇಂದ್ರದ ಕಾರ್ಮಿಕ ಬ್ಯೂರೋ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಅಂತ ಪ್ರತಿ ತಿಂಗಳು ಹೊರಡಿಸುತ್ತದೆ. ನೌಕರರ ತುಟ್ಟಿಭತ್ಯೆ ನಿಂತಿರುವುದೇ ಇದರ ಮೇಲೆ. ಇದಕ್ಕೆ ದರ ಬರೆದುಕೊಳ್ಳುವ ಊರುಗಳಲ್ಲಿ ನಮ್ಮ ಬೆಳಗಾವಿಯೂ ಇದೆ. ನಿಮ್ಮ ತಂದೆಯವರ ಚೀಟಿ 1982ರ ಆಸುಪಾಸಿನದು ಅಂತ ಹಿಡಿಯೋಣ. ಆ ಸೂಚ್ಯಂಕದ ಪ್ರಕಾರ 1982ರ 100 ರೂಪಾಯಿ 2025ರ ನಡುವಿಗೆ ಸುಮಾರು 1,930 ರೂಪಾಯಿಗೆ ಸಮ. ಅಂದರೆ ನಿಮ್ಮ ತಂದೆಯವರ ಚೀಟಿ ಈಗಿನ ಸುಮಾರು ಎರಡು ಸಾವಿರದ ಚೀಟಿ. ಉಳಿದ ಮೂರು ನಾಲ್ಕು ಸಾವಿರ ಎಲ್ಲಿಂದ ಬಂತು? ಹಳೆಯ ಚೀಟಿ ಸಿಕ್ಕರೆ ತೆಗೆದು ನೋಡಿ. ಅದರಲ್ಲಿ ಶಾಂಪೂ ಇಲ್ಲ, ನೂಡಲ್ಸ್ ಇಲ್ಲ, ಪಾತ್ರೆ ತೊಳೆಯುವ ಲಿಕ್ವಿಡ್ ಇಲ್ಲ. ಜೋಳ ಹೊಲದಿಂದ ಬರುತ್ತಿತ್ತು. ಹಾಲು ಮನೆಯ ಎಮ್ಮೆಯದು. ಎರಡೂ ಚೀಟಿಗೆ ಏರುತ್ತಲೇ ಇರಲಿಲ್ಲ. ಹಾಗಾಗಿ "ಅದೇ ಚೀಟಿ" ಅನ್ನುವ ಮಾತೇ ಸರಿಯಲ್ಲ.

ದರ ಹೇಳುವವರು ಪಗಾರ ಹೇಳುವುದಿಲ್ಲ. ಇದು ನನ್ನ ಹಳೆಯ ತಕರಾರು. ಕೇಂದ್ರ ಸರಕಾರಿ ಕಚೇರಿಯಲ್ಲಿ ಈಗಷ್ಟೇ ಸೇರಿದ ಜವಾನರ ಮೂಲ ವೇತನವನ್ನು ಜೋಳದ ಬೆಂಬಲ ಬೆಲೆಯಿಂದ ಭಾಗಿಸಿ ನೋಡಿ. 1986ರಲ್ಲಿ ವೇತನ 750, ಜೋಳ ಕ್ವಿಂಟಲ್‌ಗೆ 132. ಐದೂವರೆ ಕ್ವಿಂಟಲ್‌ಗೆ ತುಸು ಜಾಸ್ತಿ ಬರುತ್ತದೆ. 1996ರಲ್ಲಿ 2,550 ಮತ್ತು 310, ಎಂಟು ಕ್ವಿಂಟಲ್. 2006ರಲ್ಲಿ 7,000 ಮತ್ತು 540, ಹದಿಮೂರು ಕ್ವಿಂಟಲ್. 2016ರಲ್ಲಿ 18,000 ಮತ್ತು 1,625, ಹನ್ನೊಂದು. 2025ರ ಕೊನೆಗೆ ತುಟ್ಟಿಭತ್ಯೆ ಸೇರಿಸಿ 28,440, ಜೋಳ 3,699. ಏಳೂವರೆ ಕ್ವಿಂಟಲ್ ಚಿಲ್ಲರೆ.

ಈ ಸಾಲನ್ನು ಇನ್ನೊಮ್ಮೆ ಓದಿ. "ಆಗ ಸೋವಿ ಇತ್ತು" ಅನ್ನುವ ಆ 1986ರಲ್ಲೇ ಪಗಾರಕ್ಕೆ ಜೋಳ ಎಲ್ಲಕ್ಕಿಂತ ಕಡಿಮೆ ಬರುತ್ತಿತ್ತು. ನಿಜವಾಗಿ ಸೋವಿ ಇದ್ದದ್ದು 2006ರ ಆಸುಪಾಸು. ಆ ಕಾಲವನ್ನು ನೆನೆದು ಯಾರೂ ನಿಟ್ಟುಸಿರು ಬಿಡುವುದಿಲ್ಲ, ಅದು ನನಗೆ ಮೋಜು ಅನಿಸುತ್ತದೆ. ಕೂಲಿಯವರ ಲೆಕ್ಕ ಬೇರೆ, ಒಕ್ಕಲುತನದವರ ಲೆಕ್ಕ ಇನ್ನೂ ಬೇರೆ. ಆದರೆ ದರವನ್ನು ಒಂಟಿಯಾಗಿ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ ಅನ್ನುವುದು ಎಲ್ಲರಿಗೂ ಒಂದೇ.

ಈಗ ಡೀಸೆಲ್‌ಗೆ ಬರೋಣ. ನನ್ನ ತಲೆ ತಿಂದಿರುವುದು ಇದೇ.

ಕಿರಾಣಿ ಅಂಗಡಿಯಲ್ಲಿ ಕೇಳಿ, "ಡೀಸೆಲ್ ತುಟ್ಟಿ ಆಗೇದಲ್ರಿ ಸರ, ನಾವೇನ್ ಮಾಡೂಣು" ಅನ್ನುತ್ತಾರೆ. ಖಾನಾವಳಿಯಲ್ಲಿ ಅದೇ ಮಾತು. ಉಳ್ಳಾಗಡ್ಡಿ ಮಾರುವವರದೂ ಅದೇ. ಟಿವಿಯಲ್ಲಿ ಕೂತು ಮಾತಾಡುವವರದೂ ಅದೇ. ಎಲ್ಲರೂ ಹೇಳುತ್ತಾರೆ, ಆದರೆ ಒಬ್ಬರೂ ಪೆನ್ಸಿಲ್ ಹಿಡಿದು ಲೆಕ್ಕ ಮಾಡುವುದಿಲ್ಲ. ಮಾಡಿದರೆ ಎರಡು ನಿಮಿಷದ ಕೆಲಸ.

ವಿಜಯಪುರದಿಂದ ಒಂದು ಲಾರಿ ಜೋಳ ಹೇರಿಕೊಂಡು ಹೊಸಪೇಟೆ, ಚಿತ್ರದುರ್ಗದ ದಾರಿಯಲ್ಲಿ ಬೆಂಗಳೂರಿಗೆ ಹೊರಟಿದೆ ಅಂತ ಇಟ್ಟುಕೊಳ್ಳಿ. ದಾರಿ ಸುಮಾರು 520 ಕಿಲೋಮೀಟರ್. ಲೋಡ್ ಲಾರಿ ಲೀಟರ್‌ಗೆ 4 ಕಿಲೋಮೀಟರ್ ಕೊಡುತ್ತದೆ ಅಂತ ಹಿಡಿಯಿರಿ. 130 ಲೀಟರ್ ಬೇಕು. ಲಾರಿಯಲ್ಲಿ 16 ಟನ್, ಅಂದರೆ 16,000 ಕಿಲೋ ಜೋಳ ಇದೆ. ಈಗ ಡೀಸೆಲ್ ಒಂದೇ ರಾತ್ರಿ ಲೀಟರ್‌ಗೆ 10 ರೂಪಾಯಿ ಏರಿತು ಅನ್ನಿ. ಲಾರಿ ಮಾಲೀಕರಿಗೆ ಹೆಚ್ಚು ಬಿದ್ದದ್ದು 1,300 ರೂಪಾಯಿ. ಅದನ್ನು 16,000 ಕಿಲೋಗೆ ಹಂಚಿ.

ಕಿಲೋಗೆ ಎಂಟು ಪೈಸೆ.

ಎಂಟು ರೂಪಾಯಿ ಅಲ್ಲ. ಎಂಟು ಪೈಸೆ. ಲಾರಿ ಖಾಲಿ ಮರಳುತ್ತದೆ, ಅದರ ಡೀಸೆಲ್ಲೂ ಸೇರಿಸಿ ಅನ್ನುತ್ತೀರಾ? ಸೇರಿಸೋಣ. ಹದಿನಾರು ಪೈಸೆ. ಹಳ್ಳಿಯಿಂದ ಎಪಿಎಂಸಿಗೆ ತಂದ ಚಿಕ್ಕ ಗಾಡಿ? 750 ಕಿಲೋ ಹೇರಿಕೊಂಡು ಹೋಗಿ ಬಂದು 80 ಕಿಲೋಮೀಟರ್ ಓಡಿತು, ಲೀಟರ್‌ಗೆ 15 ಕೊಟ್ಟಿತು ಅಂತ ಹಿಡಿದರೆ ಇನ್ನೊಂದು ಏಳು ಪೈಸೆ. ಟ್ರ್ಯಾಕ್ಟರ್? ಎಕರೆಗೆ ವರ್ಷಕ್ಕೆ 15 ಲೀಟರ್ ಸುಟ್ಟು ನಾಲ್ಕೂವರೆ ಕ್ವಿಂಟಲ್ ಜೋಳ ಬಂತು ಅಂತ ಧಾರಾಳವಾಗಿ ಹಿಡಿದರೂ 33 ಪೈಸೆ. ಎಲ್ಲಾ ಕೂಡಿಸಿ. 56 ಪೈಸೆ. ಲೀಟರ್‌ಗೆ ಹತ್ತು ರೂಪಾಯಿ ಏರಿದ್ದಕ್ಕೆ ಕಿಲೋ ಜೋಳಕ್ಕೆ ಸೇರಬೇಕಾದದ್ದು ಇಷ್ಟು. ಅಂಗಡಿಯಲ್ಲಿ ಸೇರಿದ್ದು ಎಷ್ಟು ಅಂತ ನಿಮಗೇ ಗೊತ್ತು.

"ಲೆಕ್ಕ ಕಾಗದದ ಮೇಲೆ ಸರಿ, ವ್ಯವಹಾರದಲ್ಲಿ ಹಾಗಲ್ಲ" ಅನ್ನುವವರು ಇರುತ್ತಾರೆ. ಸರಿ, ವ್ಯವಹಾರವನ್ನೇ ನೋಡೋಣ.

2014ರ ನಡುವಿನಿಂದ 2016ರ ಆರಂಭದವರೆಗೆ ಕಚ್ಚಾ ತೈಲ ಕುಸಿಯಿತು. ಬ್ಯಾರೆಲ್‌ಗೆ 115 ಡಾಲರ್ ಇದ್ದದ್ದು 30ರ ಕೆಳಗೆ ಹೋಯಿತು. ಕೇಂದ್ರ ನಡುನಡುವೆ ಅಬಕಾರಿ ಸುಂಕ ಏರಿಸುತ್ತಾ ಹೋದ ಕಾರಣ ಪೂರ್ತಿ ಲಾಭ ನಮಗೆ ಸಿಗಲಿಲ್ಲ. ಆದರೂ ದಿಲ್ಲಿಯಲ್ಲಿ ಡೀಸೆಲ್ 58ರ ಆಸುಪಾಸಿನಿಂದ 45ಕ್ಕೆ ಬಂತು. ಆ ಹೊತ್ತಿಗೆ ತೊಗರಿ ಬೇಳೆಗೆ ಏನಾಯಿತು? 2015ರ ಅಕ್ಟೋಬರ್‌ನಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು. ಡೀಸೆಲ್ ಇಳಿದಿದೆ, ಬೇಳೆ ದುಪ್ಪಟ್ಟಾಗಿದೆ. ಯಾಕೆಂದರೆ ಎರಡು ವರ್ಷ ಮಳೆ ಕೈಕೊಟ್ಟಿತ್ತು. ನಮ್ಮ ಬಸವನಬಾಗೇವಾಡಿ, ಸಿಂದಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಮರುವರ್ಷ ಮಳೆ ಬಂತು, ತೊಗರಿ ಬಂಪರ್ ಬೆಳೆಯಿತು. 2017ರ ಆರಂಭದಲ್ಲಿ ಡೀಸೆಲ್ ಮತ್ತೆ 59ಕ್ಕೆ ಏರಿತ್ತು. ತೊಗರಿ ಮಾತ್ರ 5,050ರ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಒಂದು ಏರಿದಾಗ ಇನ್ನೊಂದು ಇಳಿಯಿತು, ಅದೂ ಎರಡು ಸಲ.

ಉಳ್ಳಾಗಡ್ಡಿ ನೋಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಬೆಳಗಾವಿ, ಬಾಗಲಕೋಟೆಯ ಹೊಲಗಳು ನೀರಲ್ಲಿ ನಿಂತವು. ಮಹಾರಾಷ್ಟ್ರದಲ್ಲೂ ಮಳೆ ಬಿಡಲಿಲ್ಲ. ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಉಳ್ಳಾಗಡ್ಡಿ ಕಿಲೋಗೆ 200 ಆಯಿತು. ಆಗ ಡೀಸೆಲ್ 70ರ ಒಳಗೇ ಇತ್ತು. 2023ರ ಫೆಬ್ರುವರಿಯಲ್ಲಿ ಡೀಸೆಲ್ 90ರ ಹತ್ತಿರ. ಆಗ ಪಕ್ಕದ ಸೊಲ್ಲಾಪುರದ ಮಾರುಕಟ್ಟೆಗೆ ಒಬ್ಬ ರೈತರು 512 ಕಿಲೋ ಉಳ್ಳಾಗಡ್ಡಿ ತಂದರು. ಕಿಲೋಗೆ ಒಂದು ರೂಪಾಯಿ ಹರಾಜಾಯಿತು. ಗಾಡಿ ಬಾಡಿಗೆ, ಹಮಾಲಿ, ತೂಕದ ಖರ್ಚು ಕಳೆದು ಅವರ ಕೈಗೆ ಬಂದದ್ದು ಎರಡು ರೂಪಾಯಿಯ ಚೆಕ್. ದೇಶವೆಲ್ಲಾ ಓದಿದ ಸುದ್ದಿ ಅದು.

ಆ ಚೆಕ್ಕಿನಲ್ಲಿ ಯಾರೂ ಗಮನಿಸದ ಒಂದು ಸಂಗತಿ ಇದೆ. ಡೀಸೆಲ್ ಖರ್ಚು ಅಲ್ಲಿ ಇದ್ದೇ ಇದೆ. ಆದರೆ ಅದು ಕೊಳ್ಳುವವರ ಮೇಲೆ ಬೀಳಲಿಲ್ಲ, ಬೆಳೆದವರ ಮೇಲೆ ಬಿತ್ತು. ಹರಾಜಿನಲ್ಲಿ ದರ ನಿಲ್ಲುವುದು ಮಾಲು ಎಷ್ಟು ಬಂದಿದೆ, ಕೊಳ್ಳುವವರು ಎಷ್ಟು ಮಂದಿ ಅನ್ನುವುದರ ಮೇಲೆ. "ನನಗೆ ಡೀಸೆಲ್‌ಗೆ ಇಷ್ಟಾಯಿತು, ಅದನ್ನು ಸೇರಿಸಿ ಕೂಗಿ" ಅಂತ ರೈತರು ಅಡತಿ ಅಂಗಡಿಯಲ್ಲಿ ಹೇಳಿದರೆ ನಗುತ್ತಾರೆ. ಡೀಸೆಲ್ ಏರಿಕೆಯಿಂದ ನಿಜವಾಗಿ ಪೆಟ್ಟು ತಿನ್ನುವವರು ಅವರು. ಅಂಗಡಿಯ ಕಟ್ಟೆ ಮೇಲೆ ನಿಂತು ಡೀಸೆಲ್ ಬೈಯುವ ನಾವಲ್ಲ.

ಇನ್ನು ಸಕ್ಕರೆ. ಇದು ನಮ್ಮದೇ ಸೀಮೆಯ ಮಾಲು. 2010ರ ಜನವರಿಯಲ್ಲಿ ಸಕ್ಕರೆ ಕಿಲೋಗೆ 50ರ ಹತ್ತಿರ ಹೋಗಿತ್ತು. ಆಗ ಡೀಸೆಲ್ 40ಕ್ಕಿಂತ ಕಡಿಮೆ. 2025ರಲ್ಲಿ ಡೀಸೆಲ್ 90, ಸಕ್ಕರೆ 45ರ ಆಸುಪಾಸು. ಹೌದು, 2010 ಸಕ್ಕರೆ ಕೊರತೆಯ ವರ್ಷ, ಅದನ್ನೇ ಬೇಕಂತ ಆರಿಸಿಕೊಂಡಿದ್ದೇನೆ. ಡೀಸೆಲ್ಲೇ ಎಲ್ಲದರ ತಾಯಿ ಆಗಿದ್ದರೆ ಯಾವ ವರ್ಷ ಆರಿಸಿಕೊಂಡರೂ ಹೀಗೆ ಆಗಬಾರದಲ್ಲ?

ಎಲ್ಲಕ್ಕಿಂತ ದೊಡ್ಡ ಸಾಕ್ಷಿ 2021ರ ದೀಪಾವಳಿ. ಕೇಂದ್ರ ಡೀಸೆಲ್ ಮೇಲೆ 10 ರೂಪಾಯಿ ಸುಂಕ ಇಳಿಸಿತು, ರಾಜ್ಯ ತಾನೂ 7 ರೂಪಾಯಿ ಇಳಿಸಿತು. ಬೆಂಗಳೂರಲ್ಲಿ ಡೀಸೆಲ್ 104.50ರಿಂದ 85.01ಕ್ಕೆ ಬಂತು. ಹತ್ತೊಂಬತ್ತೂವರೆ ರೂಪಾಯಿ! ಇಷ್ಟು ದೊಡ್ಡ ಇಳಿಕೆ ಒಂದೇ ಏಟಿಗೆ ಬಂದದ್ದನ್ನು ನಾನಂತೂ ನೋಡಿಲ್ಲ. ನಿಮ್ಮೂರ ಖಾನಾವಳಿಯಲ್ಲಿ ರೊಟ್ಟಿ ಊಟ ಐದು ರೂಪಾಯಿ ಇಳಿಯಿತೇ? ಅಂಗಡಿಯಲ್ಲಿ ಬೆಲ್ಲ ಇಳಿಯಿತೇ? ಅದೇ ಲಾರಿಯ ಲೆಕ್ಕ ಹಾಕಿ. 130 ಲೀಟರ್‌ಗೆ ಉಳಿದದ್ದು 2,535 ರೂಪಾಯಿ, ಕಿಲೋಗೆ ಹದಿನಾರು ಪೈಸೆ. ಹದಿನಾರು ಪೈಸೆ ಇಳಿಸುವುದು ಹೇಗೆ? ಇಳಿಸಿದರೂ ನಿಮಗೆ ಗೊತ್ತಾಗುವುದು ಹೇಗೆ? "ಇಳಿದಾಗ ಯಾಕೆ ಇಳಿಯುವುದಿಲ್ಲ" ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಏರಿದಾಗಲೂ ಅದು ಏರಿದ್ದು ಡೀಸೆಲ್‌ನಿಂದ ಅಲ್ಲ.

ಹಾಗಾದರೆ ಎರಡೂ ಜೊತೆಜೊತೆಗೇ ಏರಿದಂತೆ ಕಾಣುವುದು ಯಾಕೆ? ಸಿದ್ಧೇಶ್ವರ ಜಾತ್ರೆಯ ದೊಡ್ಡ ತೊಟ್ಟಿಲಲ್ಲಿ ಕೂತವರೆಲ್ಲ ಮೇಲೆ ಹೋಗುತ್ತಾರೆ. ಹಾಗಂತ ಒಬ್ಬರು ಇನ್ನೊಬ್ಬರನ್ನು ಎತ್ತುತ್ತಿಲ್ಲ. ರೂಪಾಯಿಯ ಬೆಲೆ ವರ್ಷ ವರ್ಷ ಕರಗುತ್ತದೆ. ಡೀಸೆಲ್, ಜೋಳ, ಪಗಾರ, ಮನೆ ಬಾಡಿಗೆ ಎಲ್ಲವೂ ಆ ಲೆಕ್ಕದಲ್ಲೇ ಏರುತ್ತವೆ. ಇನ್ನೂ ಒಂದು ಮಾತು, ಇದನ್ನು ಕೇಳಿದರೆ ಜನ ಜಗಳಕ್ಕೇ ಬರುತ್ತಾರೆ. ಪೆಟ್ರೋಲ್ ದರ ತಾನೇ ಕಟ್ಟುವುದನ್ನು ಸರಕಾರ ಕೈಬಿಟ್ಟು ತೈಲ ಕಂಪನಿಗಳಿಗೆ ಒಪ್ಪಿಸಿದ್ದು 2010ರ ಜೂನ್‌ನಲ್ಲಿ. ಆಗ ದಿಲ್ಲಿಯಲ್ಲಿ 51.43, ಡೀಸೆಲ್ 40.10. ಹದಿನೈದು ವರ್ಷದ ಮೇಲೆ, 2025ರ ಜೂನ್‌ನಲ್ಲಿ 94.77 ಮತ್ತು 87.67. ಪೆಟ್ರೋಲ್ ಎರಡು ಪಟ್ಟೂ ಆಗಲಿಲ್ಲ, ಡೀಸೆಲ್ ಎರಡು ಪಟ್ಟು ದಾಟಿತು ಅಷ್ಟೆ. ಅದೇ ಅವಧಿಯಲ್ಲಿ ಆ ಬೆಲೆ ಸೂಚ್ಯಂಕ 2.4 ಪಟ್ಟಾಗಿದೆ. ಅಂದರೆ ಉಳಿದ ಸಾಮಾನು ಡೀಸೆಲ್‌ಗಿಂತ ಜೋರಾಗಿ ಏರಿದೆ. ಹಿಂದೆ ಉಳಿದದ್ದು ಮುಂದೆ ಹೋದದ್ದನ್ನು ಎಳೆಯಿತು ಅಂದರೆ ಹೇಗೆ ನಂಬುವುದು?

ಡೀಸೆಲ್‌ಗೆ ಏನೂ ಪ್ರಭಾವ ಇಲ್ಲ ಅಂತ ನಾನು ಹೇಳುತ್ತಿಲ್ಲ. ರಿಸರ್ವ್ ಬ್ಯಾಂಕಿನ ಅಂದಾಜಿನಲ್ಲಿ ಕಚ್ಚಾ ತೈಲ ಶೇ 10 ಏರಿ ಅದು ಪೂರ್ತಿ ನಮ್ಮ ಮೇಲೆ ಬಿದ್ದರೆ ಹಣದುಬ್ಬರ ಶೇ 0.3ರಷ್ಟು ಏರುತ್ತದೆ. ಪ್ರಭಾವ ಇಷ್ಟು. ಕಡಿಮೆ ಬೆಲೆಯ, ಭಾರದ ಮಾಲು ದೂರ ಹೋಗಬೇಕಾದಾಗ ಅದು ಎದ್ದು ಕಾಣುತ್ತದೆ. ಇಟ್ಟಿಗೆ, ಜಲ್ಲಿ, ಉಸುಕು ಹಾಗೆ. ಸೊಪ್ಪು, ಟೊಮೆಟೊ ಸ್ವಲ್ಪ. ಬಸ್ಸಿಗೆ ಪಕ್ಕಾ. 2025ರ ಜನವರಿಯಲ್ಲಿ ಸಾರಿಗೆ ನಿಗಮಗಳು ಟಿಕೆಟ್ ಶೇ 15 ಏರಿಸಿದಾಗ ಡೀಸೆಲ್ ಕಾರಣ ಅಂದರೆ ನಾನು ಒಪ್ಪುತ್ತೇನೆ. ಜೋಳ, ಬೇಳೆ, ಎಣ್ಣೆ, ಸಕ್ಕರೆಗೆ ಒಪ್ಪುವುದಿಲ್ಲ.

ಎಣ್ಣೆಯ ಕಥೆ ಚಿಕ್ಕದು. ನಮ್ಮ ಕಡೆ ಹಿಂದೆ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಗಾಣದಿಂದ ಬರುತ್ತಿತ್ತು. ಈಗ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಡಗಿನಲ್ಲಿ ಬರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ನಿಂತಿತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಇಂಡಿ ಪೇಟೆಯಲ್ಲಿ ಎಣ್ಣೆ ಪ್ಯಾಕೆಟ್ ಏರಿತು. ಹಾಗೆಯೇ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಆಮದು ಸುಂಕ ಏರಿಸಿದಾಗ ಮತ್ತೆ ಏರಿತು. ಪ್ಯಾಕೆಟ್ ಹಿಟ್ಟಿನ ಮೇಲೆ 2022ರ ಜುಲೈನಿಂದ ಶೇ 5 ಜಿಎಸ್‌ಟಿ ಇದೆ. ಬಿಡಿ ಜೋಳ ತಂದು ಗಿರಣಿಯಲ್ಲಿ ಬೀಸಿಕೊಂಡರೆ ಅದು ಇಲ್ಲ. 50 ರೂಪಾಯಿಯ ಪ್ಯಾಕೆಟ್‌ಗೆ ಎರಡೂವರೆ ರೂಪಾಯಿ ಆಗುತ್ತದೆ. ಲಾರಿಯ ಎಂಟು ಪೈಸೆ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಈ ಎರಡೂವರೆ ರೂಪಾಯಿ ನೋಡುವುದೇ ಇಲ್ಲ.

ಜೋಳದ್ದು ಬೇರೆ. ಬಿಳಿ ಮಾಲದಂಡಿ ಜೋಳ ಹಿಂಗಾರಿ ಬೆಳೆ. ಬಹಳ ಕಡೆ ಇನ್ನೂ ಕೈಯಿಂದಲೇ ಕೀಳಬೇಕು, ತೆನೆ ಮುರಿಯಬೇಕು, ಕಣಿಕಿ ಕಟ್ಟಬೇಕು. ಆಳಿನ ಕೂಲಿ ಏರಿದೆ, ಏರಲೇಬೇಕಿತ್ತು. ನೀರು ಬಂದ ಹೊಲಗಳು ಕಬ್ಬು, ಗೋವಿನಜೋಳ, ದ್ರಾಕ್ಷಿಗೆ ಹೋದವು. ಒಣ ಹೊಲಗಳಲ್ಲಿ ತೊಗರಿ ಬಂತು. ಜೋಳ ಬೆಳೆಯುವ ನೆಲ ಕಡಿಮೆಯಾಯಿತು. 2018ರಲ್ಲಿ ಖರ್ಚಿನ ಮೇಲೆ ಅರ್ಧ ಸೇರಿಸಿ ಬೆಂಬಲ ಬೆಲೆ ಕೊಡುವ ಲೆಕ್ಕ ಬಂದಾಗ ಜೋಳ ಒಂದೇ ವರ್ಷದಲ್ಲಿ 1,700ರಿಂದ 2,430ಕ್ಕೆ ಹಾರಿತು. ಇನ್ನೊಂದು ಕಡೆ 2013ರ ಜುಲೈನಲ್ಲಿ ಅನ್ನಭಾಗ್ಯ ಬಂತು. ಮೊದಲು ಒಂದು ರೂಪಾಯಿಗೆ ಕಿಲೋ ಅಕ್ಕಿ, ಆಮೇಲೆ ಪುಕ್ಕಟೆ. ನಮ್ಮ ಅಜ್ಜಿಯರ ಕಾಲಕ್ಕೆ ಜೋಳ ದಿನದ ಊಟ, ಅನ್ನ ಹಬ್ಬದ ಊಟ. ಈಗ ಬಡವರ ಮನೆಯಲ್ಲಿ ಅನ್ನ ದಿನಾ ಆಗುತ್ತದೆ, ಮಾಲದಂಡಿ ರೊಟ್ಟಿ ದುಡ್ಡು ಕೊಟ್ಟು ತಿನ್ನಬೇಕು. ಇದಕ್ಕೂ ಡೀಸೆಲ್‌ಗೂ ಯಾವ ನಂಟೂ ಇಲ್ಲ.

ನೀವು ಕೇಳಿಲ್ಲ, ಆದರೆ ಡೀಸೆಲ್ ಮಾತು ಬಂತಲ್ಲ, ಗಡಿಯ ಪಂಪುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ನಿಪ್ಪಾಣಿಯವರು, ಝಳಕಿಯವರು, ಬೆಳಗಾವಿಯಿಂದ ಗೋವಾಕ್ಕೆ ಓಡಾಡುವವರು ಮುಂದೆ ಕೇಳಿಯೇ ಕೇಳುತ್ತಾರೆ.

ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿವೆ. ಹಾಗಾಗಿ ರಾಜ್ಯಕ್ಕೊಂದು ತೆರಿಗೆ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಡೀಸೆಲ್ ಮೇಲಿನದು ಶೇ 14.34ರಿಂದ 18.44 ಆಯಿತು, 2025ರ ಏಪ್ರಿಲ್‌ನಲ್ಲಿ 21.17. 2025ರ ದರದಲ್ಲಿ 103 ರೂಪಾಯಿ ಪೆಟ್ರೋಲ್‌ನಲ್ಲಿ ಕೇಂದ್ರದ ಸುಂಕ 21.90, ರಾಜ್ಯದ ತೆರಿಗೆ 23 ಚಿಲ್ಲರೆ. ಹೆಚ್ಚುಕಡಿಮೆ 45 ರೂಪಾಯಿ ತೆರಿಗೆಯೇ. ನಿಮ್ಮ ಸಿಟ್ಟಿಗೆ ಸರಿಯಾದ ಜಾಗ ಬೇಕಿದ್ದರೆ ಇಲ್ಲಿದೆ ನೋಡಿ. ಜೋಳದ ಮೇಲೆ ತೋರಿಸಿ ಪ್ರಯೋಜನವಿಲ್ಲ.

2024ಕ್ಕೆ ಮುಂಚೆ ಮಹಾರಾಷ್ಟ್ರಕ್ಕಿಂತ ನಮ್ಮ ಕಡೆ ಡೀಸೆಲ್ ಐದಾರು ರೂಪಾಯಿ ಸೋವಿ ಇತ್ತು. ಆ ಕಡೆಯ ಲಾರಿಗಳು ನಮ್ಮ ಗಡಿಯೊಳಗೆ ಬಂದು ಟ್ಯಾಂಕ್ ತುಂಬಿಸಿಕೊಳ್ಳುತ್ತಿದ್ದವು. ಎರಡು ಸಲ ತೆರಿಗೆ ಏರಿದ ಮೇಲೆ ಡೀಸೆಲ್‌ನಲ್ಲಿ ಆ ಅಂತರ ಹೆಚ್ಚುಕಡಿಮೆ ಮುಗಿಯಿತು. ಪೆಟ್ರೋಲ್‌ನಲ್ಲಿ 2025ರಲ್ಲಿ ಒಂದೆರಡು ರೂಪಾಯಿ ಉಳಿದಿತ್ತು. ಅದಕ್ಕಾಗಿ ಬೈಕ್ ಮೇಲೆ ಹದಿನೈದು ಕಿಲೋಮೀಟರ್ ಹೋಗಿ ಬರುವವರಿಗೆ ಒಂದು ಲೆಕ್ಕ: 8 ಲೀಟರ್ ಟ್ಯಾಂಕಿಗೆ ಉಳಿಯುವುದು ಹೆಚ್ಚೆಂದರೆ 16 ರೂಪಾಯಿ, ಹೋಗಿ ಬರಲು ಸುಡುವುದು 60 ರೂಪಾಯಿ.

ಗೋವಾ ಮಾತ್ರ ಬೇರೆ. ಅಲ್ಲಿ ಮನೋಹರ್ ಪರಿಕ್ಕರ್ 2012ರಲ್ಲಿ ಪೆಟ್ರೋಲ್ ಮೇಲಿನ ವ್ಯಾಟ್ ಹೆಚ್ಚುಕಡಿಮೆ ತೆಗೆದೇಬಿಟ್ಟಿದ್ದರು, ಲೀಟರ್‌ಗೆ 11 ರೂಪಾಯಿ ಇಳಿದಿತ್ತು. ಆಮೇಲೆ ತೆರಿಗೆ ಮರಳಿ ಬಂತು. ಆದರೂ 2025ರಲ್ಲಿ ನಮಗಿಂತ ಆರು ರೂಪಾಯಿಯಷ್ಟು ಕಡಿಮೆ ಇತ್ತು. ಬೇರೆ ಕೆಲಸಕ್ಕೆ ಕಾರಿನಲ್ಲಿ ಹೋಗಿದ್ದರೆ ಚೋರ್ಲಾ ಘಾಟ್ ಹತ್ತುವ ಮುಂಚೆ ತುಂಬಿಸಿಕೊಳ್ಳಿ. 35 ಲೀಟರ್‌ಗೆ ಇನ್ನೂರು ರೂಪಾಯಿ ಉಳಿಯುತ್ತದೆ. ಪೆಟ್ರೋಲ್‌ಗೋಸ್ಕರವೇ ಬೆಳಗಾವಿಯಿಂದ ಹೋಗುವುದಾದರೆ ಮಾತ್ರ ಲೆಕ್ಕ ನನ್ನನ್ನು ಕೇಳಬೇಡಿ, ನೀವೇ ಹಾಕಿ. ಭಾಗಾಕಾರ ಮೇಲೆ ಕಲಿಸಿದ್ದೇನೆ.